ಐದನೆಯ ಕೆಂಪು ಬಟ್ಟೆ

ಯೊಸು ಬಂದರಿನ ಕಾರ್ಖಾನೆಗಳಲ್ಲಿ ನೀರು ಹೊಡೆಯುವ ಕೆಲಸದವರು ನೀರಿಗೆ ಹೆದರುತ್ತಿದ್ದರು. ಕಿಟ್ಟ ಕಟ್ಟಿದ ಕೊಳವೆಗಳನ್ನು ಭಾರೀ ಒತ್ತಡದಲ್ಲಿ ತೊಳೆಯುವ ಆ ನೀರು ಬೂಟನ್ನೂ ಕಾಲನ್ನೂ ಒಟ್ಟಿಗೆ ಸೀಳಬಲ್ಲದು. ಆದರೆ ನೀರು ಚಿಮ್ಮುವ ಉದ್ದನೆಯ ಸಲಾಕೆಯನ್ನು ಕೊಳವೆಯೊಳಗೆ ಹಿಂದೆ ಮುಂದೆ ತಳ್ಳುವುದು ಒತ್ತಡ ತುಂಬಿದ ಯಂತ್ರದ ಎಣ್ಣೆ. ಅದು ಹರಿಯುವ ಕಪ್ಪು ರಬ್ಬರ್ ಪೈಪುಗಳ ಬಗ್ಗೆ ಯಾರಿಗೂ ಭಯವಿರಲಿಲ್ಲ. ಸಾಕಿದ ನಾಯಿಯ ಬೆನ್ನು ಸವರಿದಂತೆ ಸವರುತ್ತಿದ್ದರು.

ಆ ಪೈಪುಗಳ ಉಗ್ರಾಣ ನೋಡಿಕೊಳ್ಳುತ್ತಿದ್ದವಳು ನಾನು. ಪೈಪು ಸವೆದರೆ, ವಾಪಸು ತಂದವನೇ ಅದಕ್ಕೊಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿ ಮೂಲೆಗೆ ಹಾಕಬೇಕು. ತಿಂಗಳ ಕೊನೆಗೆ ಅವನ್ನೆಲ್ಲ ಕೊಡಲಿಯಿಂದ ತುಂಡು ಮಾಡುತ್ತಿದ್ದೆವು. ಬಟ್ಟೆ ಇಲ್ಲದ್ದು ಒಳ್ಳೆಯ ಪೈಪು, ಕಣ್ಣುಮುಚ್ಚಿ ಒಯ್ಯಬಹುದು.

ಒಮ್ಮೆ ತಪಾಸಣೆಯವರು ಬರುತ್ತಾರೆಂದು ಮೇಸ್ತ್ರಿ ಉಗ್ರಾಣ ಚೊಕ್ಕ ಮಾಡಲು ಹೇಳಿದ. ಎಣ್ಣೆ ಕುಡಿದು ಕರಿಯಾಗಿದ್ದ ಬಟ್ಟೆಗಳನ್ನು ನೋಡಿ ನನಗೆ ನಾಚಿಕೆಯಾಯಿತು. ಎಲ್ಲವನ್ನೂ ಎಣಿಸದೆಯೇ ಬಿಚ್ಚಿ, ತೊಳೆದು, ಹೊರಗೆ ತಂತಿಯ ಮೇಲೆ ಹರವಿದೆ. ಕೆಟ್ಟ ಪೈಪುಗಳನ್ನು ಒರೆಸಿ ಬಾಗಿಲ ಕಡೆಯ ಮೊಳೆಗಳಿಗೆ ನೇತುಹಾಕಿದೆ. ಅವುಗಳ ಪಕ್ಕದಲ್ಲೇ ಒಳ್ಳೆಯವು. ಸಂಜೆ ತಂತಿಯ ಮೇಲೆ ನಾಲ್ಕು ಬಟ್ಟೆ ಇದ್ದವು. ಮೊದಲ ನಾಲ್ಕು ಪೈಪಿಗೆ ಕಟ್ಟಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಪೈಪು ಒಯ್ಯಲು ದಾಲ್ಸು ಬಂದ. ಯಂತ್ರ ನಡೆಸುವವನು, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಇನ್ನೂ ಮದುವೆಯಾಗಿರಲಿಲ್ಲ. ಇಷ್ಟು ಚೊಕ್ಕ ಜಾಗ ಇರುವಾಗ ಮದುವೆಗೆ ಛತ್ರ ಯಾಕೆ, ಹೆಣ್ಣೊಂದನ್ನು ಹುಡುಕಿಕೊಟ್ಟರೆ ಇಲ್ಲೇ ಆಗಿಬಿಡುತ್ತೇನೆ ಎಂದು ನನ್ನನ್ನು ಛೇಡಿಸಿದ. ಐದನೆಯ ಮೊಳೆಯ ಪೈಪನ್ನು ಹೆಗಲಿಗೇರಿಸಿಕೊಂಡು ಹೋದ.

ಕೆಲಸದ ನಡುವೆ ಸಲಾಕೆ ನಿಧಾನವಾಯಿತಂತೆ. ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ನೋಡಲು ರಟ್ಟಿನ ತುಂಡು ಹಿಡಿಯಬೇಕು. ಅವನು ಎಲ್ಲರಂತೆ ಪೈಪಿನ ಮೇಲೆ ಬಲಗೈ ಸವರಿದ. ಅಂಗೈಗೆ ಮುಳ್ಳು ಚುಚ್ಚಿದಂತಾಯಿತು. ರಕ್ತವೂ ಸರಿಯಾಗಿ ಬರಲಿಲ್ಲ. ಸೊಳ್ಳೆ ಕಚ್ಚಿದರೆ ರಜೆ ಕೊಡ್ತಾರಾ ಎಂದು ನಗುತ್ತಾ ಸಂಜೆಯವರೆಗೆ ದುಡಿದ. ರಾತ್ರಿಯ ಹೊತ್ತಿಗೆ ಕೈ ಊದಿ, ಬೆರಳುಗಳು ತಣ್ಣಗೆ ಬೆಳ್ಳಗಾಗಿದ್ದವು. ಸೂಜಿಮೊನೆಯಷ್ಟು ತೂತಿನಿಂದ ಹಾರಿದ ಎಣ್ಣೆ ಚರ್ಮದ ಕೆಳಗೆ ಮೊಣಕೈವರೆಗೂ ಓಡಿತ್ತು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಕೈಯನ್ನು ಮಣಿಕಟ್ಟಿಗಿಂತ ಮೇಲೆ ಕತ್ತರಿಸಿ ತೆಗೆದರು.

ಅದೇ ವಾರ ಎಣ್ಣೆಯ ಪೀಪಾಯಿಯ ಹಿಂದೆ ಐದನೆಯ ಬಟ್ಟೆ ಸಿಕ್ಕಿತು. ಸಮುದ್ರದ ಗಾಳಿಗೆ ತಂತಿಯಿಂದ ಹಾರಿ ಬಿದ್ದಿತ್ತು. ಅದನ್ನು ಕೈ ಒರೆಸುವ ಅರಿವೆಯಂತೆ ಮಡಚಿ ಜೇಬಿಗೆ ತುರುಕಿದೆ. ಯಾರಿಗೂ ಹೇಳಲಿಲ್ಲ.

ಗಾಯ ಮಾಗಿದ ಮೇಲೆ ದಾಲ್ಸುವನ್ನು ನನ್ನ ಉಗ್ರಾಣಕ್ಕೇ ಹಾಕಿದರು. ಕೆಂಪು ಬಟ್ಟೆ ಕಟ್ಟುವಾಗ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಮದುವೆಯ ಮಾತು ಮತ್ತೆ ಎತ್ತಲಿಲ್ಲ. ಮಧ್ಯಾಹ್ನ ಮಾತ್ರ ಊಟದ ಡಬ್ಬಿಯನ್ನು ನನ್ನ ಕಡೆ ಸರಿಸಿ "ಅಕ್ಕ, ಮುಚ್ಚಳ" ಎನ್ನುತ್ತಿದ್ದ. ನಾನು ತೆಗೆದುಕೊಡುತ್ತಿದ್ದೆ. ನನ್ನ ಡಬ್ಬಿಯಿಂದ ಸಾಸಿವೆ ಸೊಪ್ಪಿನ ಖಾರದ ಉಪ್ಪಿನಕಾಯಿ, ಕಿಮ್ಚಿಯನ್ನು ಅವನ ಅನ್ನದ ಮೇಲಿಡುತ್ತಿದ್ದೆ. ಹೀಗೆ ಹದಿನೇಳು ವರ್ಷ ಪ್ರತಿ ದಿನ ಹೇಳಿಬಿಡಬೇಕು ಎಂದುಕೊಂಡೇ ಬಂದೆ, ಹೇಳದೆಯೇ ಮನೆಗೆ ಹೋದೆ.

ನನ್ನ ಕೆಲಸದ ಕೊನೆಯ ದಿನ ಊಟಕ್ಕೆ ಕುಳಿತಾಗ ಆ ಬಟ್ಟೆಯನ್ನು ಅವನ ಮುಂದಿಟ್ಟೆ.

"ದಾಲ್ಸು, ಆ ಪೈಪಿಂದು ಇದು. ಬಿಚ್ಚಿದ್ದು ನಾನು."

ಅವನು ಬಟ್ಟೆಯನ್ನು ನೋಡಿದ, ಮುಟ್ಟಲಿಲ್ಲ. "ಗೊತ್ತು ಅಕ್ಕ. ಕಟ್ಟಿದ್ದು ನಾನೇ ಅಲ್ವಾ. ಆವತ್ತು ಆ ಸವೆದ ಜಾಗ ಕೈಗೆ ತಾಗ್ತಿದ್ದ ಹಾಗೇ ಗುರುತು ಸಿಕ್ತು. ಅಷ್ಟರಲ್ಲಿ ಚುಚ್ಚಿತ್ತು."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನನ್ನ ಕೆಲಸದಿಂದ ತೆಗೀತಿದ್ರು. ಆಮೇಲೆ ನನ್ ಡಬ್ಬಿ ಮುಚ್ಚಳ ತೆಗೆಯೋರು ಯಾರು?"

ಡಬ್ಬಿಯನ್ನು ನನ್ನ ಕಡೆ ಸರಿಸಿದ. ನನ್ನ ಬೆರಳು ಎರಡು ಸಲ ಜಾರಿತು, ಮುಚ್ಚಳ ಅಲುಗಲಿಲ್ಲ. ಅವನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡ. ಮೊಣಕಾಲುಗಳ ನಡುವೆ ಅವುಚಿ, ಎಡಗೈಯಿಂದ ಒಂದೇ ಸಲಕ್ಕೆ ತೆಗೆದ.

ಕೈ ಪಳಗಿತ್ತು. ಮನೆಯಲ್ಲಿ ಅವನು ದಿನವೂ ಹಾಗೇ ತೆಗೆಯುತ್ತಿದ್ದಿರಬೇಕು.