ಮಣೆ ಎಳೆಯದ ಭೂಮಿ

ಗಾರೆ ಕೆಲಸದ ಅಪ್ಪನಿಗೆ ಓದು ಬಾರದು. ಆದರೆ ಅವನು ನೆಲ ಹಾಕಿದ ಮನೆಯಲ್ಲಿ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಅವನ ಮಗಳು ಭೂಗೋಳ ಕಲಿಸುವ ಟೀಚರು. ಪುಸ್ತಕದ ಚಿತ್ರ ನೋಡಿ ನೋಡಿ ಮಕ್ಕಳಿಗೆ ದ್ವೀಪ ಯಾವುದು, ಪರ್ಯಾಯ ದ್ವೀಪ ಯಾವುದು ಎಂಬುದೇ ಕಲಸಿಹೋಗಿದ್ದಾಗ ಅವಳು ಹೆಡ್‌ಮಿಸ್ಸಿನ ಮುಂದೆ ನಿಂತು, "ಅಂಗಳದ ಕಟ್ಟೆ ಮೇಲೆ ಗಾರೇಲಿ ಒಂದು ಭೂಮಿ ಮಾಡಿಸ್ತೀನಿ. ನಮ್ಮಪ್ಪ ಮಾಡ್ತಾರೆ" ಎಂದಿದ್ದಳು.

"ಮಾಡಿಸಮ್ಮ. ಮಕ್ಕಳಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಅವತ್ತೇ ಒಡೆಸ್ತೀನಿ" ಎಂದಿದ್ದರು ಹೆಡ್‌ಮಿಸ್ಸು. ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕೆಂದಿದ್ದರು.

ಅಪ್ಪ ಬೆಳ್ಳಂಬೆಳಗ್ಗೆ ಬಂದ. ಕಲಸಿದ ಗಾರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕರಣೆ ಎತ್ತಿದ. ಮಗಳು ಹೇಳುತ್ತಾ ಹೋದಂತೆ ಬೆಟ್ಟ ಎದ್ದಿತು, ಕಣಿವೆ ಇಳಿಯಿತು, ನದಿ ತಿರುಗಿತು. ಲೋಕದಲ್ಲೆಲ್ಲೂ ಇಲ್ಲದ, ಲೋಕದ್ದೆಲ್ಲವೂ ಇರುವ ಪುಟ್ಟ ನೆಲ. ಕಣ್ತುಂಬ ನೋಡಿ ಅವಳು ಹಾಜರಿ ಕರೆಯಲು ಹೋದಳು.

ಆಗ ಗೇಟು ಕಾಯುವವನು ಬಂದು ಮಾತಿಗೆ ಕೂತ. ಅವನ ಮೊಣಕಾಲು ನೋವು, ಅವನ ಅಳಿಯನ ಗೊರಕೆ. ಅಪ್ಪ ಅವನ ಮುಖವನ್ನೇ ನೋಡುತ್ತಾ ಹೂಂಗುಟ್ಟಿದ. ಗಾರೆ ತುಸು ಬಿಗಿಯುತ್ತಿದ್ದಂತೆ ಮರದ ಮಣೆ ಎಳೆದು ಸಪಾಟು ಮಾಡುವುದು ಮೂವತ್ತು ವರ್ಷದ ರೂಢಿ. ಹೊತ್ತಾಯಿತೆಂದು ಕೈಗೆ ಗೊತ್ತಾಯಿತು. ಕೈಯೇ ಮಣೆ ಹುಡುಕಿಕೊಂಡಿತು.

ಮಗಳು ಬಂದು ನೋಡಿದರೆ ಬೆಟ್ಟವಿಲ್ಲ, ಕಣಿವೆಯಿಲ್ಲ. ಕಟ್ಟೆ ಕನ್ನಡಿಯಂತಿತ್ತು.

"ಅಪ್ಪಾ! ಏನ್ ಮಾಡ್ಬಿಟ್ಟೆ?"

ಅಪ್ಪ ಕೆಳಗೆ ನೋಡಿದ. "ಅಯ್ಯೋ ದೇವ್ರೇ... ನಾನಲ್ಲ ಕಣಮ್ಮ, ಈ ಹಾಳು ಕೈ."

"ಸೊಗಸಾಗಿ ಬಂದಿದ್ಯಲ್ಲ!" ಎಂದ ಗೇಟು ಕಾಯುವವನು.

ಗಾರೆ ಗಟ್ಟಿಯಾಗಲು ಮುಕ್ಕಾಲು ಗಂಟೆಯಿತ್ತು. ಹೆಡ್‌ಮಿಸ್ಸು ನೋಡಲು ಬರುವುದಕ್ಕೂ ಅಷ್ಟೇ. ಮಗಳಿಗೆ ಈಗಲೇ ಕ್ಲಾಸು. ಅವಳು ಕ್ಷಣ ಕಣ್ಮುಚ್ಚಿದಳು. ಆಮೇಲೆ ಹೋಗಿ ಇಡೀ ತರಗತಿಯನ್ನೇ ಅಂಗಳಕ್ಕೆ ಕರೆತಂದಳು.

"ಇವರು ನಮ್ಮಪ್ಪ" ಎಂದಳು, ಸ್ಟಾಫ್ ರೂಮಿನ ಕಿಟಕಿಗೂ ಕೇಳುವಂತೆ. "ನೀವು ಹೇಳ್ದಂಗೆ ಭೂಮಿ ಮಾಡ್ತಾರೆ. ತಪ್ಪು ಹೇಳಿದ್ರೆ ತಪ್ಪನ್ನೇ ಮಾಡ್ತಾರೆ."

"ದ್ವೀಪ! ಸುತ್ತಲೂ ನೀರು" ಎಂದ ಒಬ್ಬ ಹುಡುಗ.

ಎದ್ದಿತು ದ್ವೀಪ.

"ಪರ್ಯಾಯ ದ್ವೀಪ, ಮೂರು ಕಡೆ ನೀರು!"

"ನಾಲ್ಕನೇ ಕಡೆಗೆ?" ಕರಣೆ ಗಾಳಿಯಲ್ಲೇ ನಿಂತಿತು. "ಬೇಗ ಹೇಳಿ, ಇಲ್ದಿದ್ರೆ ಅಲ್ಲೂ ನೀರು ಬಿಟ್ಬಿಡ್ತೀನಿ."

"ಬೇಡ ತಾತಾ, ನೆಲ! ನೆಲ!"

"ಪ್ರಸ್ಥಭೂಮಿ. ಎತ್ತರ ಇರುತ್ತೆ, ಆದ್ರೆ ಮೇಲೆ ಸಪಾಟು" ಎಂದಳು ಎರಡು ಜಡೆಯವಳು.

"ಆಹಾ, ಇದು ನನ್ನ ಕೈಗೆ ಒಗ್ಗೋ ಬೆಟ್ಟ!" ಮಕ್ಕಳೆಲ್ಲ ಘೊಳ್ಳೆಂದರು.

ಎರಡು ನೆಲಗಳ ನಡುವೆ ಬೆರಳಗಲ ನೀರು ಬಿಟ್ಟರೆ ಜಲಸಂಧಿಯಾಯಿತು. ಎರಡು ನೀರುಗಳ ನಡುವೆ ಬೆರಳಗಲ ನೆಲ ಉಳಿಸಿದರೆ ಭೂಸಂಧಿಯಾಯಿತು. ನದಿ ಕಡಲು ಮುಟ್ಟುವಲ್ಲಿ ಅಪ್ಪ ಮೂರು ಬೆರಳೂರಿ ಎಳೆದ, ಮುಖಜಭೂಮಿ ಕವಲೊಡೆಯಿತು.

"ತಾತಾ, ಭೂಮಿ ಯಾಕೆ ಇಷ್ಟೊಂದು ಏರುಪೇರು?"

ಅಪ್ಪ ಕೈ ತಡೆದ. "ಮಾಡಿದವನು ನನಗಿಂತ ಜಾಣ ಕಂದಾ. ಕೊನೇಲಿ ಮಣೆ ಎಳೀಲಿಲ್ಲ. ಎಲ್ಲಾ ಸಪಾಟು ಮಾಡಿದ್ರೆ ನೀರು ಯಾವ ಕಡೆಗೆ ಹರೀಬೇಕಿತ್ತು?"

ಹೆಡ್‌ಮಿಸ್ಸು ಬಂದಾಗ ಗಾರೆ ಬಿಗಿದಿತ್ತು. ಅವರು ಹಿಂದಿನ ಸಾಲಿನ ತೂಕಡಿಕೆರಾಯನನ್ನೇ ಆರಿಸಿ ಕರೆದರು. "ಭೂಸಂಧಿ ತೋರಿಸು."

ಮಗಳು ಸೆರಗಿನ ತುದಿ ಹಿಡಿದುಕೊಂಡಳು.

ಅವನು ಹಿಂದೆಮುಂದೆ ನೋಡದೆ ಬೆರಳಿಟ್ಟ. "ಇದು. ಇಲ್ಲಿ ತಾತನ ಕರಣೆ ಇನ್ನೊಂಚೂರು ಜಾರಿದ್ರೆ ಎರಡೂ ಸಮುದ್ರ ಒಂದಾಗ್ತಿತ್ತು."

ಹೆಡ್‌ಮಿಸ್ಸು ಬಗ್ಗಿ ಆ ಬೆರಳಗಲದ ನೆಲವನ್ನು ಬಹಳ ಹೊತ್ತು ನೋಡಿದರು. "ಇದರ ಮೇಲೆ ಯಾರೂ ಬ್ಯಾಗ್ ಇಡಬಾರದು" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ನಿಮ್ಮ ಮಗಳು ಸರಿಯಾಗೇ ಹೇಳಿದ್ರು, ಮೇಷ್ಟ್ರೇ."

ಮೇಸ್ತ್ರಿ ಎನ್ನಿಸಿಕೊಂಡೇ ಬದುಕಿದ್ದ ಅಪ್ಪ ಗಾರೆ ಮೆತ್ತಿದ ಕೈಗಳನ್ನು ಜೋಡಿಸಿದ. ನಾಚಿಕೆಗೆ ಆ ಕೈ ಮತ್ತೆ ಮಣೆಯ ಕಡೆ ಹೊರಟಿತು. ಮಗಳು ಅದನ್ನು ಮೊದಲೇ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.