ಹನ್ನೊಂದು ಸೆಕೆಂಡಿನ ಯಜಮಾನ

ನನ್ನ ಷಡ್ಡಕನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸುವ ಕೆಲಸ ತಪ್ಪುತ್ತದೆ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಬಾಯಿ ತುಂಬ ಅಣ್ಣ ಎನ್ನುತ್ತಾನೆ. ನನ್ನೆದುರು ಕಾಲಮೇಲೆ ಕಾಲು ಹಾಕಿ ಕೂತವನಲ್ಲ. ಅಂಥವನ ಮೇಲೆ ಹೊಟ್ಟೆ ಉರಿಸಿಕೊಳ್ಳುವುದು ಎಷ್ಟು ಕಷ್ಟ ಗೊತ್ತೇ? ಬೈಯೋಣವೆಂದರೆ ಒಂದು ಕಾರಣವನ್ನೂ ಕೊಡುವುದಿಲ್ಲ, ಪುಣ್ಯಾತ್ಮ.

ನಾನು ಹೆರಿಗೆ ಆಸ್ಪತ್ರೆಯ ಜನರೇಟರ್ ನೋಡಿಕೊಳ್ಳುವವನು, ಇಪ್ಪತ್ತಾರು ವರ್ಷದಿಂದ. ಹಿತ್ತಲಿನಲ್ಲಿ ತಗಡಿನ ಶೆಡ್ಡು, ಅದರೊಳಗೆ ಎಮ್ಮೆಯಷ್ಟು ದೊಡ್ಡ ಯಂತ್ರ, ಪಕ್ಕದಲ್ಲಿ ಎರಡು ಡ್ರಮ್ಮು ಹಿಡಿಯುವ ಡೀಸೆಲ್ ಟ್ಯಾಂಕು, ಒಂದು ಸ್ಟೂಲು. ಆಸ್ಪತ್ರೆಯಲ್ಲಿ ಆಯಾಗಳಿಂದ ಹಿಡಿದು ಡಾಕ್ಟ್ರಮ್ಮನವರೆಗೆ ಎಲ್ಲರಿಗೂ ನಾನು ಡೀಸೆಲಣ್ಣ. ಯಂತ್ರ ತಾನಾಗಿಯೇ ಶುರುವಾಗುವ ಒಂದು ಪೆಟ್ಟಿಗೆ ಮೊದಲು ಇತ್ತು. ಅದು ಕೆಟ್ಟಾಗ ರಿಪೇರಿ ಮಾಡಿಸಲು ನಾನೇ ಬಿಡಲಿಲ್ಲ. ಪೆಟ್ಟಿಗೆಗಿಂತ ನಾನೇ ಬೇಗ ಎಂದೆ, ಬೇಗವೂ ಇದ್ದೆ.

ಕರೆಂಟು ಹೋದ ಗಳಿಗೆಯಿಂದ ನನ್ನ ಯಂತ್ರ ಭಾರ ಹೊರುವ ಗಳಿಗೆಯವರೆಗೆ ಹನ್ನೊಂದು ಸೆಕೆಂಡು. ಫ್ಯಾನುಗಳು ನಿಧಾನವಾಗುತ್ತಾ ನಿಲ್ಲುತ್ತಿದ್ದವು, ಆಪರೇಷನ್ ಕೋಣೆಯ ಯಂತ್ರಗಳು ಕೀ ಕೀ ಎಂದು ಅರಚುತ್ತಿದ್ದವು, ವಾರ್ಡಿನಲ್ಲಿ ಯಾರೋ ಅಯ್ಯೋ ಎನ್ನುತ್ತಿದ್ದರು, ಹೆಡ್ ನರ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿ "ಡೀಸೆಲಣ್ಣಾ!" ಎಂದು ಕೂಗುತ್ತಿದ್ದಳು. ಆ ಕೂಗು ನಿಲ್ಲುವುದರೊಳಗೆ ನನ್ನ ಯಂತ್ರ ಎರಡು ಸಲ ಕೆಮ್ಮಿ, ಗುಡುಗಿ, ಕಿಟಕಿಯ ಗಾಜನ್ನೆಲ್ಲ ಅಲುಗಾಡಿಸಿ ಎದ್ದು ನಿಲ್ಲುತ್ತಿತ್ತು. ಕತ್ತರಿ ಹಿಡಿದ ಡಾಕ್ಟ್ರಮ್ಮನೂ ಆ ಹನ್ನೊಂದು ಸೆಕೆಂಡು ನನ್ನ ದಾರಿ ಕಾಯಬೇಕು. ಮನೆಯಲ್ಲಿ ಹೆಂಡತಿಯೂ ನನ್ನನ್ನು ಅಷ್ಟು ಆಸೆಯಿಂದ ಕಾದದ್ದು ನನಗೆ ನೆನಪಿಲ್ಲ.

ಡೀಸೆಲ್ ಕಡಿಮೆಯಾದದ್ದು ಒಮ್ಮೆಗೇ ಅಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಟ್ಯಾಂಕರು ಹದಿನೈದು ದಿನಕ್ಕೊಮ್ಮೆ ಆಯಿತು, ತಿಂಗಳಿಗೊಮ್ಮೆ ಆಯಿತು, ಕೊನೆಗೆ ಎರಡು ತಿಂಗಳಿಗೊಮ್ಮೆ. ಅದೂ ಆಸ್ಪತ್ರೆ ಎಂಬ ಚೀಟಿ ಇದ್ದವರಿಗೆ ಮಾತ್ರ. "ಎಣ್ಣೆ ಬಾವಿಗಳೇ ಬತ್ತುತ್ತಾ ಬಂದಿವೆಯಂತೆ ಯಜಮಾನ್ರೇ, ತಳ ಕೆರೆದು ಕಳಿಸ್ತಿದಾರೆ" ಎಂದು ಟ್ಯಾಂಕರಿನ ಡ್ರೈವರು ಪೈಪು ಸುತ್ತುತ್ತಾ ಹೇಳಿದ. ಸಿನಿಮಾ ಟಾಕೀಸಿನ ಜನರೇಟರ್ ಬಾಯಿ ಮುಚ್ಚಿತು, ಪ್ರೆಸ್ಸಿನದು ಗುಜರಿಗೆ ಹೋಯಿತು. ಇನ್ನೊಂದು ಕಡೆ ಬೇಸಿಗೆ ವರ್ಷದಿಂದ ವರ್ಷಕ್ಕೆ ಹುಚ್ಚೇಳುತ್ತಿತ್ತು. ಮನೆಮನೆಯಲ್ಲೂ ಎಸಿ ಓಡಿ ದಿನಕ್ಕೆ ಮೂರು ನಾಲ್ಕು ಸಲ ಕರೆಂಟು ಹೋಗತೊಡಗಿತು. ನನ್ನ ಯಂತ್ರದಂಥವುಗಳ ಹೊಗೆಯಿಂದಲೇ ಬಿಸಿಲು ಹೀಗಾಯಿತು ಎಂದು ನನ್ನ ಮಗಳು ಊಟಕ್ಕೆ ಕೂತಾಗ ಹೇಳಿದಳು. ತಟ್ಟೆ ಬಿಟ್ಟು ಎದ್ದುಹೋಗೋಣ ಎನಿಸಿತು. ಹಸಿವಿತ್ತು, ಕೂತೆ.

ಆಗ ಬಂದ ನೋಡಿ, ನನ್ನ ಷಡ್ಡಕ. ಆಸ್ಪತ್ರೆಯ ತಾರಸಿಯ ಮೇಲೆ ಸೋಲಾರ್ ಹಲಗೆ ಹಾಸಿದ, ಹಳೆಯ ಔಷಧಿ ಕೋಣೆ ಖಾಲಿ ಮಾಡಿಸಿ ಬೀರುವಿನಂಥ ಬ್ಯಾಟರಿಗಳನ್ನು ಸಾಲಾಗಿ ನಿಲ್ಲಿಸಿದ. ಮೊದಲ ದಿನ ಕರೆಂಟು ಹೋದಾಗ ನಾನು ಸ್ಟೂಲಿನಿಂದ ಹಾರಿ ಎದ್ದೆ. ಫ್ಯಾನು ನಿಲ್ಲಲಿಲ್ಲ, ಯಂತ್ರ ಅರಚಲಿಲ್ಲ, ಯಾರೂ ಕೂಗಲಿಲ್ಲ. ಕರೆಂಟು ಹೋದದ್ದು ಗೊತ್ತಾದದ್ದು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬನಿಗೇ, ಯಾಕೆಂದರೆ ಎದುರಿನ ಬೀದಿಯ ಗಿರಣಿ ನಿಂತಿತ್ತು. ಕೈಯಲ್ಲಿ ಕೀಲಿ ಹಿಡಿದುಕೊಂಡು ಬೆಪ್ಪನ ಹಾಗೆ ನಿಂತಿದ್ದೆ. ನನ್ನ ಹನ್ನೊಂದು ಸೆಕೆಂಡನ್ನು ಅವನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತೆಗೆದುಬಿಟ್ಟಿದ್ದ.

ಅಲ್ಲಿಂದ ಶುರುವಾಯಿತು ಅವನ ಭಜನೆ. ಡಾಕ್ಟ್ರಮ್ಮ ಅವನನ್ನು ತಮ್ಮ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನನಗೆ ಇಪ್ಪತ್ತಾರು ವರ್ಷ ಕಾಫಿ ಬಂದದ್ದು ಶೆಡ್ಡಿಗೆ, ಅದೂ ಆರಿದ ಮೇಲೆ. ಮನೆಗೆ ಬಂದರೆ ಅಲ್ಲೂ ಅದೇ. "ನಮ್ಮ ತಂಗಿ ಗಂಡ ಬ್ಯಾಟರಿ ಹಾಕಿದ ಮೇಲೆ ಬಾಣಂತಿಯರು ನೆಮ್ಮದಿಯಾಗಿ ಮಲಗ್ತಾರಂತೆ" ಎಂದಳು ಹೆಂಡತಿ. ನಾನು ಅಷ್ಟು ವರ್ಷ ಅವರ ಹಾಸಿಗೆಯಡಿ ಪಟಾಕಿ ಹೊಡೆಯುತ್ತಿದ್ದೆನೇ? ಕೇಳಲಿಲ್ಲ. ಎರಡು ದಿನ ಸಾರಿಗೆ ಉಪ್ಪು ಕಡಿಮೆ ಎಂದೆ, ಅಷ್ಟೇ ನನ್ನ ಕೈಲಾದದ್ದು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಅದನ್ನು ಹೇಳಲೇಬೇಕು. ಬ್ಯಾಟರಿ ನಾಲ್ಕು ಗಂಟೆ ಎಳೆಯುತ್ತದೆ, ಅದಕ್ಕೂ ಮೀರಿದರೆ ಜನರೇಟರ್ ಬೇಕು ಎಂದು ಡಾಕ್ಟ್ರಮ್ಮನಿಗೆ ತಿಳಿಹೇಳಿದವನು ಷಡ್ಡಕನೇ. ಅದೂ ನನ್ನ ಹೊಟ್ಟೆಗೆ ಮೆಣಸಿನಕಾಯಿ ಅರೆದ ಹಾಗಾಯಿತು. ನನ್ನ ಅನ್ನವೂ ಅವನ ಮಾತಿನ ಮೇಲೆ ನಿಲ್ಲಬೇಕೇ? ನನ್ನ ಪಾಲಿಗೆ ಉಳಿದದ್ದು ಸೋಮವಾರದ ಪರೀಕ್ಷೆ. ಯಂತ್ರ ಜಂಗು ಹಿಡಿಯದ ಹಾಗೆ ವಾರಕ್ಕೊಮ್ಮೆ ಭಾರವಿಲ್ಲದೆ ಕಾಲು ಗಂಟೆ ಓಡಿಸಿ ನಿಲ್ಲಿಸಬೇಕು, ಪುಸ್ತಕದಲ್ಲಿ ಬರೆಯಬೇಕು.

ಮೊದಲ ಸೋಮವಾರ ಕಾಲು ಗಂಟೆಯೇ ಓಡಿಸಿದೆ. ಗಾಜು ಅಲುಗಾಡಿತು, ಹೆಡ್ ನರ್ಸು ಕಿಟಕಿಗೆ ಬಂದು ನನ್ನ ಕಡೆ ನೋಡಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೂ ಕಾಲು ಗಂಟೆ ಬಿಟ್ಟೆ. ಮುಂದಿನ ವಾರ ಗುರುವಾರವೂ ಓಡಿಸಿದೆ. ಆಮೇಲೆ ದಿನಾ. ಷಡ್ಡಕ ಬ್ಯಾಟರಿ ನೋಡಲು ಬರುವ ಹೊತ್ತಿಗೆ ಸರಿಯಾಗಿ ಹಚ್ಚುತ್ತಿದ್ದೆ, ಅವನು ಡಾಕ್ಟ್ರಮ್ಮನೊಂದಿಗೆ ಮಾತಾಡಲು ಬಾಯಿ ತೆರೆದರೆ ನನ್ನ ಯಂತ್ರವೇ ಕೇಳಿಸಬೇಕು. ಒಂದು ಗಂಟೆ, ಒಂದೂವರೆ ಗಂಟೆ. ಪುಸ್ತಕದಲ್ಲಿ ಮಾತ್ರ ಸೋಮವಾರ, ಕಾಲು ಗಂಟೆ.

ಟ್ಯಾಂಕಿನೊಳಗೆ ಇಳಿಸುವ ಅಳತೆ ಕಡ್ಡಿ ಸುಳ್ಳು ಹೇಳುವುದಿಲ್ಲ. ಹಾಗಾಗಿ ಕಡ್ಡಿ ಇಳಿಸುವುದನ್ನೇ ಬಿಟ್ಟೆ. ಟ್ಯಾಂಕರು ಬರುವ ದಿನ ಹತ್ತಿರವಿತ್ತು, ತುಂಬಿದ ಮೇಲೆ ಯಾರಿಗೆ ಏನು ತಿಳಿಯುತ್ತದೆ? ಆ ದಿನ ಬಂತು, ಟ್ಯಾಂಕರು ಬರಲಿಲ್ಲ. ಇನ್ನೊಂದು ವಾರವಂತೆ. ಆ ವಾರವಾದರೂ ಸುಮ್ಮನಿರಬಹುದಿತ್ತು ನಾನು. ಮಂಗಳವಾರ ಷಡ್ಡಕ ಹೊಸ ಅಂಗಿ ತೊಟ್ಟು ಬಂದ, ಹಚ್ಚಿದೆ.

ಗುರುವಾರ ಬೆಳಿಗ್ಗೆಯಿಂದಲೇ ಧೂಳಿನ ಗಾಳಿ. ಸೂರ್ಯ ಹಳದಿ ಬೊಟ್ಟಿನ ಹಾಗೆ ಕಂಡು ಮರೆಯಾದ, ತಾರಸಿಯ ಹಲಗೆಗಳ ಮೇಲೆ ಮಣ್ಣು ಕೂತಿತು. ಸೆಕೆ ಮಾತ್ರ ಒಲೆಯ ಮುಂದೆ ಕೂತ ಹಾಗೆ. ಹತ್ತು ಗಂಟೆಗೆ ಕರೆಂಟು ಹೋಯಿತು. ಯಾವುದೋ ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯಾಗಬಹುದು ಎಂದು ಸುದ್ದಿ ಬಂತು. ಒಳಗೆ ಬೆಚ್ಚಗಿಡುವ ಪೆಟ್ಟಿಗೆಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ನಾಲ್ಕು ಮಕ್ಕಳಿದ್ದವು. ಒಂದು ಮಗುವಿಗೆ ಉಸಿರಾಡಿಸುವ ಯಂತ್ರವೂ ಹಾಕಿತ್ತು.

ಒಂದು ಗಂಟೆಯ ಹೊತ್ತಿಗೆ ಷಡ್ಡಕ ಓಡುತ್ತಾ ಶೆಡ್ಡಿಗೆ ಬಂದ. ಅಂಗಿ ಬೆವರಿಗೆ ಮೈಗಂಟಿತ್ತು.

"ಅಣ್ಣಾ, ಸೆಕೆಗೆ ಬ್ಯಾಟರಿ ಬೇಗ ಇಳೀತಿದೆ. ಇನ್ನು ಅರ್ಧ ಗಂಟೆ ಇದ್ರೆ ಹೆಚ್ಚು. ಇನ್ಮೇಲೆ ನೀವೇ ಕಾಪಾಡ್ಬೇಕು."

ಬ್ಯಾಟರಿ ಬಂದ ದಿನದಿಂದ ನಾನು ಕಾದದ್ದು ಈ ಮಾತಿಗೆ. ಅವನ ಬಾಯಿಂದಲೇ, ನನ್ನ ಶೆಡ್ಡಿಗೇ ಬಂದು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ನನ್ನ ಕಣ್ಣು ಟ್ಯಾಂಕಿನ ಕಡೆ ಹೋಯಿತು.

"ಏನಣ್ಣಾ? ಎಷ್ಟಿದೆ ಎಣ್ಣೆ?"

ಅವನೇ ಗೋಡೆಗೆ ಒರಗಿಸಿದ್ದ ಕಡ್ಡಿ ತೆಗೆದು ಟ್ಯಾಂಕಿಗೆ ಇಳಿಸಿದ, ಎತ್ತಿದ. ತುದಿಯಲ್ಲಿ ಎರಡು ಬೆರಳಿನಷ್ಟು ಒದ್ದೆ. ಒರೆಸಿ ಮತ್ತೊಮ್ಮೆ ಇಳಿಸಿದ, ಅಷ್ಟೇ. ಹತ್ತು ಲೀಟರು ಇದ್ದರೆ ಹೆಚ್ಚು. ಇಡೀ ಆಸ್ಪತ್ರೆಯ ಭಾರಕ್ಕೆ ಅದು ಮುಕ್ಕಾಲು ಗಂಟೆಯ ಮಾತು. ಅವನು ಕಡ್ಡಿಯನ್ನು ನೋಡಿದ, ಮಸಿ ಹಿಡಿದ ತಗಡನ್ನು ನೋಡಿದ, ನನ್ನನ್ನು ನೋಡಿದ. ದಿನಾ ಆ ಸದ್ದು ಕೇಳಿದವನಲ್ಲವೇ, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ.

"ಮಕ್ಕಳ ಕೋಣೆ ಒಂದನ್ನೇ ಇಟ್ಕೊಳ್ಳೋಣ. ಉಳಿದಿದ್ದೆಲ್ಲ ತೆಗೀತೀನಿ. ನಾನು ಸನ್ನೆ ಮಾಡಿದಾಗ ಹಚ್ಚಿ" ಎಂದು ಓಡಿದ.

ಫ್ಯಾನು, ಫ್ರಿಜ್ಜು, ಪಂಪು, ದೀಪ, ಡಾಕ್ಟ್ರಮ್ಮನ ಕೋಣೆಯ ಎಸಿ, ಒಂದೊಂದನ್ನೇ ಅವನು ಕತ್ತರಿಸುತ್ತಾ ಹೋದ. ಬ್ಯಾಟರಿಯ ಕೊನೆಯ ಹನಿಯನ್ನೂ ಹಿಂಡಿಕೊಂಡ. ಎರಡು ಗಂಟೆಗೆ ಕೈ ಬೀಸಿದ, ನಾನು ಹಚ್ಚಿದೆ. ಯಂತ್ರದ ಮೈಮೇಲೆ ಕೈಯಿಟ್ಟುಕೊಂಡು ನಿಂತೆ. ಎಣ್ಣೆ ಮುಗಿಯುತ್ತಾ ಬಂದರೆ ಅದರ ದನಿ ಮೊದಲು ನಡುಗುತ್ತದೆ, ಆ ನಡುಕ ನನಗೆ ಗೊತ್ತು. ದಿನಾ ಹಾಡಿನ ಹಾಗೆ ಕೇಳಿದ ಸದ್ದನ್ನು ಅವತ್ತು ಕೇಳಲಾಗಲಿಲ್ಲ. ಒಂದೊಂದು ಗುಟುಕೂ ಆ ಮಕ್ಕಳ ಬಾಯಿಂದ ಹೋಗುತ್ತಿದೆ ಎನಿಸುತ್ತಿತ್ತು. ಸ್ಟೂಲಿನ ಮೇಲೆ ಕೂತೆ, ಮತ್ತೆ ಎದ್ದೆ.

ಮೂರು ಗಂಟೆ ನಲವತ್ತು ನಿಮಿಷಕ್ಕೆ ಎದುರಿನ ಗಿರಣಿ ಗಿರ್ರೆಂದಿತು. ಕರೆಂಟು ಬಂದಿತ್ತು. ಯಂತ್ರ ನಿಲ್ಲಿಸಿ ಕಡ್ಡಿ ಇಳಿಸಿದೆ. ಒಣಗಿತ್ತು.

ಒಳಗೆ ಹೋದರೆ ಮಕ್ಕಳ ಕೋಣೆಯ ಹೊರಗೆ ಎಲ್ಲರೂ ನಿಂತಿದ್ದರು. ನಾಲ್ಕು ಮಕ್ಕಳೂ ಚೆನ್ನಾಗಿದ್ದವು. ಡಾಕ್ಟ್ರಮ್ಮ ಮಾತ್ರ ಷಡ್ಡಕನ ಮೇಲೆ ಕೆಂಡ ಕಾರುತ್ತಿದ್ದರು. "ನಾಲ್ಕು ಗಂಟೆ ಎಳೆಯುತ್ತೆ ಅಂದ್ರಿ. ಆಮೇಲೆ ಜನರೇಟರ್ ಇದೆ ಅಂದ್ರಿ. ಬಾಣಂತಿಯರು ಸೆಕೆಯಲ್ಲಿ ಬೆಂದುಹೋದ್ರು. ಏನ್ರೀ ಇದು?"

"ತಪ್ಪು ನಂದೇ ಅಮ್ಮ" ಎಂದ ಷಡ್ಡಕ. "ಸೆಕೆಗೆ ಬ್ಯಾಟರಿ ಇಷ್ಟು ಇಳಿಯುತ್ತೆ ಅಂತ ಅಂದಾಜು ಮಾಡ್ಬೇಕಿತ್ತು. ಟ್ಯಾಂಕರ್ ಬೇರೆ ತಡ ಆಗಿದೆ. ಅಣ್ಣ ಇದ್ದಿದ್ರಲ್ಲೇ ದೂಡಿದ್ರು."

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. ಮುಖ ಅರಳಿತು. "ನೋಡಿ, ಹಳಬರು ಅಂದ್ರೆ ಹೀಗಿರ್ಬೇಕು. ಇವತ್ತು ನೀವಿಲ್ದಿದ್ರೆ ಈ ಮಕ್ಕಳ ಗತಿ ಏನು ಡೀಸೆಲಣ್ಣ?" ಎಂದರು. ನರ್ಸುಗಳು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕೈಗೆ ಇನ್ನೂ ಡೀಸೆಲ್ ವಾಸನೆಯಿತ್ತು.

ನಾನು ಸುಮ್ಮನಿರಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕಳೆದುಕೊಂಡದ್ದೆಲ್ಲ ಬಡ್ಡಿ ಸಮೇತ ಬಂದಿತ್ತು. ಆದರೆ ಷಡ್ಡಕನನ್ನು ನೋಡಿದೆ. ತಲೆ ತಗ್ಗಿಸಿ ಅಂಗಿಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮಾಡದ ತಪ್ಪನ್ನು ಹೊತ್ತು ಅಷ್ಟು ಸಲೀಸಾಗಿ ನಿಂತಿದ್ದ. ನನ್ನ ಹೊಟ್ಟೆಯಲ್ಲಿ ಆ ಹಳೆಯ ಬೆಂಕಿ ಭಗ್ಗೆಂದಿತು. ಬ್ಯಾಟರಿಯಲ್ಲಿ ಇವನು ಗೆದ್ದ, ಕಾಫಿಯಲ್ಲಿ ಗೆದ್ದ, ನನ್ನ ಹೆಂಡತಿಯ ಬಾಯಲ್ಲಿ ಗೆದ್ದ. ಈಗ ಒಳ್ಳೆಯವನಾಗುವುದರಲ್ಲೂ ಇವನೇ ಮೊದಲು ಬರಬೇಕೇ? ಜನ ಇದನ್ನು ಆತ್ಮಸಾಕ್ಷಿ ಎನ್ನಬಹುದು. ನನಗೆ ಗೊತ್ತು, ಅದು ಹೊಟ್ಟೆಕಿಚ್ಚೇ.

"ಅವನ ತಪ್ಪಲ್ಲಮ್ಮ" ಎಂದೆ. "ಎಣ್ಣೆ ಇತ್ತು. ನಾನೇ ಸುಟ್ಟೆ. ದಿನಾ ಒಂದು ಗಂಟೆ ಸುಮ್ನೆ ಓಡಿಸ್ತಿದ್ದೆ. ಪುಸ್ತಕದಲ್ಲಿ ಬರೆದಿದ್ದು ಸುಳ್ಳು."

ಚಪ್ಪಾಳೆ ತಟ್ಟಿದ ಕೈಗಳು ಹಾಗೆಯೇ ನಿಂತವು. ಅಜ್ಜಿ ನನ್ನ ಕೈ ಬಿಟ್ಟಳು.

"ಯಾಕೆ?" ಎಂದರು ಡಾಕ್ಟ್ರಮ್ಮ.

"ನಿಮಗೆಲ್ಲ ಕೇಳಿಸ್ಲಿ ಅಂತ. ನಾನಿದೀನಿ ಅಂತ."

ಅದಕ್ಕೆ ಉತ್ತರ ಕೊಟ್ಟವಳು ಹೆಡ್ ನರ್ಸು, ಅದೂ ಸಿಟ್ಟಿನಿಂದಲ್ಲ, ಮೆಲ್ಲಗೆ. "ಅಯ್ಯೋ ಡೀಸೆಲಣ್ಣ, ಮಕ್ಕಳು ಬೆಚ್ಚಿ ಬೀಳ್ತಾವೆ ಅಂತ ನಾವು ದಿನಾ ಆ ಹೊತ್ತಿಗೆ ಕಿಟಕಿ ಮುಚ್ಕೊಂಡು ಕೂರ್ತಿದ್ವಿ. ಈ ಸೆಕೇಲಿ. ಏನೋ ಪರೀಕ್ಷೆ ಇರ್ಬೇಕು, ಪಾಪ ಕೆಲಸ ಮಾಡ್ತಿದಾರೆ ಅಂದ್ಕೊಂಡು ಯಾರೂ ಹೇಳ್ಲಿಲ್ಲ."

ಅವಳು ಕಿಟಕಿಗೆ ಬರುತ್ತಿದ್ದದ್ದು ನನ್ನನ್ನು ನೋಡಲು ಎಂದುಕೊಂಡಿದ್ದೆ.

ಡಾಕ್ಟ್ರಮ್ಮ ಕೈ ಚಾಚಿದರು, ನಾನು ಕೀಲಿ ಕೊಟ್ಟೆ. ಅವರು ಅದನ್ನು ಷಡ್ಡಕನಿಗೆ ದಾಟಿಸಿ, ನಾಳೆ ಬೆಳಿಗ್ಗೆ ಬಂದು ಮಾತಾಡಿ ಎಂದು ನನಗೆ ಹೇಳಿ ಒಳಗೆ ಹೋದರು. ಉಳಿದವರೂ ಚದುರಿದರು. ಕಾರಿಡಾರಿನಲ್ಲಿ ನಾವಿಬ್ಬರೇ ಉಳಿದೆವು. ಅವನು ಕೀಲಿಯನ್ನು ಬಿಸಿ ಕೆಂಡದ ಹಾಗೆ ಅಂಗೈ ಬದಲಾಯಿಸುತ್ತಾ ಹಿಡಿದಿದ್ದ.

"ಯಾಕಣ್ಣಾ ಹೇಳಿದ್ರಿ? ನಾನು ಹೇಗೋ ಮುಚ್ಚಿಹಾಕಿದ್ದೆ" ಎಂದ.

"ನಿನಗೆ ಅರ್ಥ ಆಗಲ್ಲ ಬಿಡು."

"ಈ ಯಂತ್ರ ಹಚ್ಚೋದು ನನಗೆ ನಿಜವಾಗ್ಲೂ ಬರಲ್ಲ. ಹೇಳ್ಕೊಡ್ತೀರಾ?"

ಅವನ ಮುಖದಲ್ಲಿ ಎಲ್ಲಾದರೂ ಗೆದ್ದ ಕಳೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ನಿಜವಾಗಿಯೂ ಬರುತ್ತಿರಲಿಲ್ಲ ಅವನಿಗೆ, ನಿಜವಾಗಿಯೂ ಕಲಿಯಬೇಕಿತ್ತು. ಆಗಲಿ ಎಂದೆ. ಇಬ್ಬರೂ ಹಿತ್ತಲಿಗೆ ನಡೆದೆವು. ಇಪ್ಪತ್ತಾರು ವರ್ಷದಲ್ಲಿ ಕಿವಿಯಿಂದ ಕಲಿತದ್ದನ್ನು ಇವನು ಒಂದು ವಾರದಲ್ಲಿ ಕಲಿತುಬಿಟ್ಟರೆ ಏನು ಗತಿ ಎಂಬ ಸಂಕಟ ಶೆಡ್ಡಿನ ಬಾಗಿಲು ತಲುಪುವ ಮೊದಲೇ ಶುರುವಾಗಿತ್ತು.