ಕಡಲೆಕಾಯಿ ಬಿಡಿಸುತ್ತಾ ಕಾದವಳು

ಬು ಪೊನಿರಾ, ಅಂದ್ರೆ ನಮ್ಮೆಲ್ಲರ ಪೊನಿರಾ ಅಮ್ಮ, ಸಭೆ ನಡೆಸೋಕೆ ಕೂತಳು ಅಂದ್ರೆ, ತೊಡೆ ಮೇಲಿನ ಬೈಬಲ್ಲನ್ನ ಮೆಲ್ಲಗೆ ಬೆಂಚಿಗೆ ಇಳಿಸಿ, ಅದೇ ಜಾಗಕ್ಕೆ ಕಡಲೆಕಾಯಿ ಬುಟ್ಟಿ ಏರಿಸೋಳು. ಯಾರೂ ಬಾಯಿ ತೆಗೆಯೋಕೆ ಮುಂಚೆ ಟಪ್ ಅಂತ ಒಂದು ಸಿಪ್ಪೆ ಒಡೆಯೋದು. ಆರಾಧನೆ ಮುಗೀತು, ಇನ್ನು ಮನೆ ಮಾತು ಅಂತ ಆಗ ನಮಗೆ ಗೊತ್ತಾಗೋದು.

ಜಾವಾ ದ್ವೀಪದ ಮುರಿಯಾ ಬೆಟ್ಟದ ತಪ್ಪಲಿನ ನಮ್ಮ ಊರಲ್ಲಿ ನಾವು ಮೆನ್ನೊನೈಟ್ ಕ್ರೈಸ್ತರು ಮೂವತ್ತೊಂದು ಜನ. ಬುದ್ಧಿ ಬಂದಮೇಲೆ ತಾವಾಗಿ ದೀಕ್ಷಾಸ್ನಾನ ತಗೊಂಡೋರು ಮಾತ್ರ ಈ ಲೆಕ್ಕದಲ್ಲಿ. ಆಯುಧ ಹಿಡಿಯೋದಿಲ್ಲ, ಆಣೆ ಇಡೋದಿಲ್ಲ, ಒಬ್ಬನ ಮಾತಿಗೆ ಮಿಕ್ಕೋರೆಲ್ಲ ಬಗ್ಗೋದೂ ಇಲ್ಲ. ಮೂರು ವರ್ಷಕ್ಕೊಂದು ಸಲ ಸಭೆ ನಡೆಸೋ ಹಿರಿಯರನ್ನ ಆರಿಸ್ತೀವಿ. ‘ನನ್ನ ಆರಿಸಿ’ ಅಂದೋರನ್ನ ಮಾತ್ರ ಆರಿಸೋದಿಲ್ಲ. ಬು ಪೊನಿರಾ ಮೂರು ಸಲವೂ ‘ನನ್ನ ಬಿಡ್ರಪ್ಪಾ, ನನಗೆ ಸಂತೆ ಇದೆ’ ಅಂದಳು. ಹಾಗಾಗೇ ಒಂಬತ್ತು ವರ್ಷ ಸಿಕ್ಕಿಬಿದ್ದಳು.

ವಾರವೆಲ್ಲ ಬಸ್ಸು ನಿಲ್ಲೋ ಜಾಗದಲ್ಲಿ ಬೇಯಿಸಿದ ಕಡಲೆಕಾಯಿ ಮಾರೋಳು. ಬಿಸಿಲಿರಲಿ ಮಳೆಯಿರಲಿ, ಮೈಮೇಲೆ ಸತ್ತುಹೋದ ಗಂಡನ ಕಂದು ಜಾಕೀಟು, ತೋಳು ಮೂರು ಮಡಿಕೆ ಮಡಿಸಿದ್ದು. ಕಡಲೆಕಾಯಿ ಮೂಟೆ ಹೇರಿದ ಸೈಕಲ್ ತಳ್ಳಿ ತಳ್ಳಿ ಎಂಥಾ ಅಭ್ಯಾಸ ಆಗಿತ್ತು ಅಂದ್ರೆ, ಸೈಕಲ್ ಇಲ್ಲದಾಗಲೂ ಎರಡು ಕೈ ಮುಂದೆ ಚಾಚಿ, ಬಲಕ್ಕೊಂಚೂರು ವಾಲಿ ನಡೆಯೋಳು. ಹೊಸದಾಗಿ ಬಂದ ಪಾದ್ರಿ ಒಂದು ಸಲ, ಆರಾಧನೆ ಇನ್ನು ಮುಂದೆ ಏಳಕ್ಕಲ್ಲ, ಒಂಬತ್ತಕ್ಕೆ ಅಂತ ತಾವೇ ಹೇಳಿಬಿಟ್ಟರು. ಆಯಮ್ಮ ಎದ್ದು ನಿಂತಳು. “ವಾಕ್ಯ ಹೇಳೋದಕ್ಕೆ ಬಾಯಿ ನಿಮ್ಮದೇ ಪಾದ್ರಿಗಳೇ. ಗಂಟೆ ಎಷ್ಟು ಅನ್ನೋದಕ್ಕೆ ನಿಮ್ಮದೂ ಮೂವತ್ತೊಂದರಲ್ಲಿ ಒಂದು ಬಾಯಿ” ಅಂದಳು. ಪಾದ್ರಿ ನಕ್ಕು ಕೂತರು. ಈಗಲೂ ಏಳಕ್ಕೇ ಸೇರ್ತೀವಿ.

ಬೇರೆ ಕಡೆ ಸಭೆಗಳಲ್ಲಿ ‘ಯಾರ್ಯಾರಿಗೆ ಒಪ್ಪಿಗೆ?’ ಅಂತಾರೆ. ಈಕೆ ‘ಯಾರಿಗಿನ್ನೂ ಒಪ್ಪಿಲ್ಲ?’ ಅಂತ ಕೇಳೋಳು. ಕೇಳಿ ಕಾಯೋಳು. ಕಾಯೋಕೇ ಆ ಬುಟ್ಟಿ.

ಒಂದು ವರ್ಷ ಮಳೆಗಾಲದ ಶುರುವಿಗೆ ನಮ್ಮ ಚರ್ಚಿನ ಬಾವಿಗೆ ಹಾಕಿದ್ದ ಮೋಟರು ಕಳುವಾಯ್ತು. ಎರಡು ವರ್ಷ ಆಫೀಸು ಆಫೀಸು ಅಲೆದು ಅದನ್ನ ಹಾಕಿಸಿದ್ದೋಳು ಬು ಪೊನಿರಾನೇ. ಹಿತ್ತಲಿನ ಕಾಲುದಾರೀಲಿ ಕಳ್ಳ ಬಂದಿದ್ದ, ಹೆಜ್ಜೆ ಗುರುತು ಇತ್ತು. ಆಕೆ ಕುದ್ದುಹೋದಳು. “ಸುತ್ತ ಗೋಡೆ, ಮುಂದೊಂದು ಗೇಟು. ಸಾಕು ಈ ಬಟ್ಟ ಬಯಲು” ಅಂದಳು. ಎಲ್ಲರೂ ಹ್ಞೂಂ ಅಂದೇ ಅಂತಾರೆ ಅಂತ ಹೊಳೆಯಿಂದ ಎರಡು ಲಾರಿ ಕಲ್ಲೂ ಬಂದು ಬಿತ್ತು. ಕಟ್ಟೋ ಗಾರೆಯವನು ನಾನು. ನಲವತ್ತು ದಿನದ ಕೂಲಿ.

ಆ ಕಾಲುದಾರಿಯ ಕೊನೇಲಿ ನನ್ನ ಅಕ್ಕ ರುಬಿಯಾಳ ಮನೆ. ಮದುವೆಯಾಗಿ ಮುಸ್ಲಿಮಳಾದೋಳು. ಹಿಂದಿನ ಕೇರಿಯೋರೆಲ್ಲ ಮುಸ್ಲಿಮರೇ, ರಸ್ತೆಗೆ ಬರೋದೂ ನಮ್ಮ ಅಂಗಳ ಹಾಯ್ದೇ. ಭಾನುವಾರ ಭಾನುವಾರ ಅಕ್ಕ ಬಿಸಿ ಮರಗೆಣಸು ತಟ್ಟೆಲಿಟ್ಟುಕೊಂಡು ಚರ್ಚಿನ ಹಿಂಬಾಗಿಲಿಗೆ ಬರೋಳು. ಗೋಡೆ ಎದ್ದರೆ ಆ ದಾರಿ ಮುಚ್ಚಿದ ಹಾಗೇ.

ಮೊದಲನೇ ಭಾನುವಾರ ಬು ಪೊನಿರಾ ಕೇಳಿದಳು: “ಗೋಡೆ ವಿಷಯ. ಯಾರಿಗಿನ್ನೂ ಒಪ್ಪಿಲ್ಲ?”

ಯಾರೂ ಉಸಿರೆತ್ತಲಿಲ್ಲ. ನಾನು ನನ್ನ ಕಾಲು ನೋಡ್ತಾ ಕೂತೆ.

ಮೇಷ್ಟ್ರು ಹಾರ್ಜೊನೊಗೆ ಯಾವಾಗಲೂ ಅವಸರ. “ಮೌನ ಅಂದ್ರೆ ಸಮ್ಮತಿ ಬು. ಬರ್ಕೊಂಡು ಏಳೋಣ, ಹೊಟ್ಟೆ ಹಸೀತಿದೆ.”

“ಮೌನ ಅಂದ್ರೆ ಮೌನ ಮೇಷ್ಟ್ರೇ. ಸಮ್ಮತಿಗೆ ಬಾಯಿದೆ.” ಆಕೆಯ ಕಣ್ಣು ಒಂದೊಂದೇ ಮುಖ ನೋಡ್ತಾ ಬಂದು ನನ್ನ ಹತ್ತಿರ ನಿಂತಿತು. “ಲೋ ತಾರ್ಮುಜಿ, ಕಾಲ ಮೇಲೇನು ಬರೆದಿದೆ, ಅಷ್ಟು ಓದ್ತಿದೀಯ?”

“ಏನಿಲ್ಲ ಬು.”

“ಗೋಡೆ ಒಪ್ಪಿಗೇನಾ?”

“ಇನ್ನೂ ಇಲ್ಲ.”

“ಯಾಕೆ?”

“ಹೇಳೋಕೆ ಬರ್ತಿಲ್ಲ.”

ಎಲ್ಲರೂ ನಕ್ಕರು. “ಕೂಲಿ ಬೇಡ ಅನ್ನೋ ಗಾರೆಯವನನ್ನ ಇವತ್ತೇ ನಾನು ನೋಡಿದ್ದು!” ಅಂದ್ರು ಮೇಷ್ಟ್ರು. ಅಕ್ಕನಿಗೋಸ್ಕರ ಅಂದ್ರೆ ಅದು ನನ್ನ ಸ್ವಂತದ್ದಾಯ್ತು, ಸ್ವಂತದ್ದನ್ನ ಸಭೆಗೆ ತರಬಾರದು ಅಂತ ನಾನು ತಿಳಿದಿದ್ದೆ. ಹಾಗಾಗಿ ಬಾಯಿ ಕಟ್ಟಿತ್ತು.

ಬು ಪೊನಿರಾ ಬುಟ್ಟಿ ಖಾಲಿಯಾಗೋ ತನಕ ಕಾದು, “ಸರಿ, ಮುಂದಿನ ಭಾನುವಾರ” ಅಂದಳು.

“ಒಬ್ಬನಿಗೋಸ್ಕರ ಮೂವತ್ತು ಜನ ಕಾಯಬೇಕಾ?” ಮೇಷ್ಟ್ರು ಕೇಳಿದ್ರು.

“ಮೂವತ್ತು ಜನ ಇರೋದಕ್ಕೇ ಕಾಯೋದು ಹಗುರ. ಒಬ್ಬನೇ ಮೂವತ್ತು ಜನಕ್ಕೆ ಕಾಯೋ ಹಾಗಿದ್ರೆ ಕಷ್ಟ.”

ಎರಡನೇ ಭಾನುವಾರವೂ ನಾನು ಬಾಯಿ ಬಿಡಲಿಲ್ಲ. ಆ ವಾರ ಸಿಕ್ಕಿದೋರೆಲ್ಲ ನನ್ನನ್ನ ಚುಚ್ಚಿದರು. ಆಕೆ ಮಾತ್ರ ಒಂದು ಮಾತಾಡಲಿಲ್ಲ. ಬಸ್ಸಿನ ಹತ್ತಿರ ಸಿಕ್ಕಾಗ ಜಾಕೀಟಿನ ಜೇಬಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಕೊಟ್ಟಳು, ಅಷ್ಟೇ. ಗೋಡೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅವಳಿಗೇ.

ಮೂರನೇ ಭಾನುವಾರ ನಾನು ಎದ್ದು ನಿಂತೆ. “ಗೋಡೆ ಕಟ್ಟೋನು ಕೊನೇ ದಿನ ಒಂದು ಕಡೆ ನಿಂತು ಮುಗಿಸಬೇಕು ಬು. ಒಳಗೆ ನಿಂತು ಮುಗಿಸಿದ್ರೆ ಅಕ್ಕ ಆಚೆ ಆಗ್ತಾಳೆ. ಹೊರಗೆ ನಿಂತು ಮುಗಿಸಿದ್ರೆ ನಾನು ನಿಮ್ಮಿಂದ ಆಚೆ ಆಗ್ತೀನಿ. ಯಾವ ಕಡೆ ನಿಲ್ಲಲಿ, ತಿಳೀತಿಲ್ಲ.”

ನನ್ನ ಜನ್ಮದಲ್ಲಿ ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ.

ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿಂದ ಯಾರೋ, “ನಮ್ಮಪ್ಪ ತೀರಿಕೊಂಡಾಗ ಹೊರೋಕೆ ಹೆಗಲು ಕೊಟ್ಟ ಹಿಂದಿನ ಕೇರಿಯೋರು ಆ ದಾರೀಲೇ ಬಂದ್ರು” ಅಂದರು. ಇನ್ನೊಬ್ಬರು ಹೌದಲ್ವಾ ಅಂದರು. ಒಬ್ಬೊಬ್ಬರಾಗಿ ತಿರುಗಿದರು. ಕೊನೆಗೆ ಮೇಷ್ಟ್ರೂ “ನನಗೂ ಬೇಡ ಬಿಡಿ” ಅಂದರು.

“ಹಾಗಾದ್ರೆ ಗೋಡೆ ಬೇಡ” ಅಂದಳು ಬು ಪೊನಿರಾ. “ಇದಕ್ಕೆ ಯಾರಿಗಿನ್ನೂ ಒಪ್ಪಿಲ್ಲ?”

ಯಾರೂ ಕೈ ಎತ್ತಲಿಲ್ಲ. ಸಭೆಯ ತೀರ್ಮಾನ ಬರೆಯೋ ಪುಸ್ತಕ ಮುಚ್ಚಿ ಎದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ. ಆಕೆ ಸಿಪ್ಪೆ ಹಿಡಿದ ಕೈಯನ್ನ ಹಾಗೇ ಮೇಲಕ್ಕೆತ್ತಿದಳು.

“ನನಗೆ. ಇನ್ನೂ ಹೊಟ್ಟೆ ಉರೀತಿದೆ. ಆರಿದೆ ಅಂತ ಸುಳ್ಳು ಹೇಳಲಾ?”

ಮೇಷ್ಟ್ರು ಎದ್ದರು, ಹೊಟ್ಟೆ ಹಸೀತಿದೆ ಅಂತಿದ್ದ ಅದೇ ಮೇಷ್ಟ್ರು. ಹೋಗಿ ಆಕೆಯ ತೊಡೆ ಮೇಲಿದ್ದ ಬುಟ್ಟಿ ತಗೊಂಡು ತಮ್ಮ ತೊಡೆ ಮೇಲಿಟ್ಟುಕೊಂಡು, ಟಪ್ ಅಂತ ಒಂದು ಒಡೆದರು.

“ಸರಿ ಬು. ನಾವು ಕಾಯ್ತೀವಿ.”

ಆ ದಿನ ಆ ಬೆಂಚುಗಳ ಮಧ್ಯೆ ಕೂತಿದ್ದೆ ಅಂತ ನನಗೆ ಇವತ್ತಿಗೂ ಹೆಮ್ಮೆ.

ಮುಂದಿನ ಭಾನುವಾರ ಆಕೆ ರಸ್ತೆ ಕಡೆಯಿಂದ ಬರಲಿಲ್ಲ. ಹಿತ್ತಲಿನ ಕಾಲುದಾರೀಲಿ, ಇಲ್ಲದ ಸೈಕಲ್ ತಳ್ಳೋ ಹಾಗೆ ವಾಲಿಕೊಂಡು ಬಂದಳು. ಜಾಕೀಟು ಮೊಣಕೈ ತನಕ ಕೆಸರು. ಪಕ್ಕದಲ್ಲಿ ಮರಗೆಣಸಿನ ತಟ್ಟೆ ಹಿಡಿದ ನನ್ನ ಅಕ್ಕ, ನಗು ತಡೀತಾ.

“ಎರಡು ಸಲ ಬಿದ್ದೆ” ಅಂದಳು ಬು ಪೊನಿರಾ ಬಾಗಿಲಲ್ಲೇ ನಿಂತು. “ಇಷ್ಟು ವರ್ಷ ಈ ರುಬಿಯಾ ಈ ಕೆಸರಲ್ಲಿ ತಟ್ಟೆ ಹೊತ್ತು ಬಂದಳಾ? ಒಂದು ದಿನ ಹೇಳಲಿಲ್ವಲ್ಲೇ!”

“ನೀವು ಕೇಳಲಿಲ್ವಲ್ಲ ಬು” ಅಂದಳು ಅಕ್ಕ.

ಕೇಳೋದೇ ಕಸುಬಾಗಿದ್ದೋಳು ಅಕ್ಕನ ಕೈಯಿಂದ ತಟ್ಟೆ ತಾನೇ ಇಸ್ಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಆಯ್ತು, ನನಗೂ ಒಪ್ಪಿಗೆ. ಕಲ್ಲು ಹೇಗೂ ಬಂದು ಬಿದ್ದಿದೆ ತಾರ್ಮುಜಿ. ನಿಲ್ಲಿಸಬೇಡ, ಮಲಗಿಸು” ಅಂದಳು. ಮೂವತ್ತು ಬಾಯಿ ಒಟ್ಟಿಗೆ ಹ್ಞೂಂ ಅಂದವು.

ಹತ್ತೊಂಬತ್ತು ದಿನದಲ್ಲಿ ಅಕ್ಕನ ಹೊಸ್ತಿಲ ತನಕ ಕಲ್ಲು ಹಾಸಿದೆ. ಮೋಟರು ಸಿಗಲಿಲ್ಲ, ಈಗಲೂ ಹಗ್ಗ ಹಾಕೇ ನೀರು ಸೇದ್ತೀವಿ. ಆಕೆಗೆ ಈಗ ಎಂಬತ್ತು ದಾಟಿದೆ. ಮೂರನೇ ಬೆಂಚಲ್ಲಿ ಕೂರ್ತಾಳೆ, ಮೇಷ್ಟ್ರು ಹಿರಿಯರಾಗಿದ್ದಾರೆ, ಬುಟ್ಟಿ ಅವರ ಹತ್ತಿರ ಇದೆ.

ಮುಂದೆ ನಡೆಯೋರು ಎಲ್ಲಾ ಊರಲ್ಲೂ ಸಿಗ್ತಾರೆ. ಹಿಂದೆ ಉಳಿದ ಒಬ್ಬನಿಗೋಸ್ಕರ ನಿಲ್ಲೋರು ಕಮ್ಮಿ. ಆ ಹಿಂದೆ ಉಳಿದೋನು ತಾನೇ ಆದ ದಿನ, ನಾಚದೆ ಕೈ ಎತ್ತಿ ‘ನನಗೂ ಸ್ವಲ್ಪ ಕಾಯಿರಿ’ ಅನ್ನೋರು ಇನ್ನೂ ಕಮ್ಮಿ. ಅಂಥೋರು ಒಬ್ಬರಿದ್ದರೆ ಮೂವತ್ತು ಜನಕ್ಕೆ ಕಾಯೋದು ಬರುತ್ತೆ.